ದುನ್ ಅಲ್ಲದವರಿಗೆ ಒಂದು ಲಕೋಟೆ

ಗೋಜೋ ದ್ವೀಪದ ಧರ್ಮಾಧ್ಯಕ್ಷರ ಕಚೇರಿಯಲ್ಲಿ
ಮೂವತ್ತೊಂದು ವರ್ಷದಿಂದ ಲಕೋಟೆ ಬರೆಯುವವಳು ನಾನು, ಜುದಿತ್ತಾ.
ನನ್ನ ನಾಲಿಗೆಗಿಂತ ನನ್ನ ನಿಬ್ಬಿಗೆ
ಮರ್ಯಾದೆ ಚೆನ್ನಾಗಿ ಗೊತ್ತು.

ಹೊಸ ಹುಡುಗ ಜೆರ್ವಿನ್‌ಗೆ ಹೇಳಿಕೊಡುತ್ತಿದ್ದೆ:
ಕಾರ್ಡಿನಲ್ ಎಂಬುದನ್ನು ಹೆಸರಿಗೂ ಮನೆತನಕ್ಕೂ ನಡುವೆ ಬರೆ.
ಕೆಂಪು ಟೊಪ್ಪಿ ಕಾಗದದಲ್ಲಿ
ತಲೆಯ ಮೇಲೆ ಕೂರುವುದಿಲ್ಲ, ಎದೆಯ ಹತ್ತಿರ ಕೂರುತ್ತದೆ.
ಬಿಷಪ್ಪರು ನಿವೃತ್ತರಾದರೂ ‘ಅತಿವಂದನೀಯ’ ಇಳಿಸಬೇಡ.
ವಯಸ್ಸಾದಷ್ಟೂ ಅವರು
ಲಕೋಟೆಯನ್ನು ಕಣ್ಣಿಗೆ ಹತ್ತಿರ ಹಿಡಿಯುತ್ತಾರೆ.
ಮೊನ್ಸಿನ್ಯೂರ್ ಆಗಿ ಆರು ತಿಂಗಳು ತುಂಬದವರಿಗೆ
ಹೊರಗೊಮ್ಮೆ ಬರೆ, ಒಳಗೆರಡು ಸಲ ಬರೆ.
ಊರ ಗುರುಗಳು ದುನ್, ಕಪುಚಿನ್ ಮಠದವರು ಪಾತ್ರಿ;
ಅದಲುಬದಲಾದರೆ ಪಾತ್ರಿ ನಗುತ್ತಾರೆ,
ದುನ್ ನಗುವುದಿಲ್ಲ.
ಬ್ಯಾರನ್ನರ ಹೊಲ ಹೋಯಿತು, ಬಿರುದು ಹೋಗಿಲ್ಲ.
ಮೇಯರ್? ತಡಿ,
ಮೊದಲು ಚುನಾವಣೆಯ ಪಟ್ಟಿ ನೋಡು.

‘ಇವರಿಗೆ ಏನು ಬರೆಯಲಿ?’ ಎಂದ ಹುಡುಗ.
ಗುರುದೀಕ್ಷೆಯ ಐವತ್ತನೆಯ ವರ್ಷ; ಏಳು ಜನರ ಪಟ್ಟಿ,
ಮೂವರ ಮುಂದೆ ಶಿಲುಬೆಯ ಗುರುತು.
ಬದುಕಿರುವವರಿಗೆಲ್ಲ ಕಳಿಸಿ ಎಂದಿದ್ದರು ಬಿಷಪ್ಪರು,
ಹೇಗೆಂದು ಹೇಳಿರಲಿಲ್ಲ.
ಕೊನೆಯ ಹೆಸರು: ಸವೇರ್ ಅಪಾಪ್.

ನನ್ನ ಏಳನೆಯ ವಯಸ್ಸಿನಲ್ಲಿ
ಈ ನಾಲಿಗೆಯ ಮೇಲೆ ಮೊದಲ ಪರಮಪ್ರಸಾದ ಇಟ್ಟವರು.
ಆಗ ಅವರು ದುನ್ ಸವೇರ್.
ದಾರಿಯಲ್ಲಿ ಕಂಡರೆ ಗಂಡಸರು ಬೀಡಿ ಮರೆಮಾಡುತ್ತಿದ್ದರು,
ಕೇಪರ್ ಮೊಗ್ಗು ಬಿಡಿಸುವ ಹೆಂಗಸರು
ಮಡಿಲಿನಿಂದ ಎದ್ದು ನಿಲ್ಲುತ್ತಿದ್ದರು, ಮೊಗ್ಗೆಲ್ಲ ನೆಲಕ್ಕೆ.
ಆಮೇಲೆ ಹಡಗಿನ ಟಿಕೆಟ್ ಹರಿಯುವ ಮರ್ಜಿ.
ಒಂದೇ ವಾರದಲ್ಲಿ ಊರ ಬಾಯಲ್ಲಿ
ಬರುತ್ತಾರೆ ಹೋಗಿ ಬರುತ್ತಾನೆ ಆಯಿತು,
ಇನ್ನೊಂದು ವಾರಕ್ಕೆ ಅದೂ ಇಲ್ಲ.
ನಲವತ್ತು ವರ್ಷದಿಂದ ಜನ ಆತನನ್ನು ಕರೆಯುವುದಿಲ್ಲ,
ಎದುರು ಬಂದು ನಿಂತು ಮಾತು ಶುರುಮಾಡುತ್ತಾರೆ:
‘ಇಂಜಿನ್ ಕೆಮ್ಮುತ್ತಿದೆ, ನೋಡಬೇಕಿತ್ತು.’

ಹಳೆಯ ಗುಮಾಸ್ತ ಬಿಟ್ಟುಹೋದ ನೋಟುಪುಸ್ತಕ ತಿರುವಿದೆ.
ರಾಯಭಾರಿಯ ವಿಧವೆಗೂ ಅದರಲ್ಲಿ ಜಾಗವಿದೆ.
ವಂದನೀಯ ಎಂದರೆ ಸುಳ್ಳು,
ಶ್ರೀ ಎಂದರೆ ಅದೂ ಏನೋ ಒಂದು ಬಗೆಯ ಸುಳ್ಳು.
ಮೂರು ಲಕೋಟೆ ಹಾಳಾದವು. ಜೆರ್ವಿನ್ ಎಣಿಸುತ್ತಿದ್ದ.
ನಾಲ್ಕನೆಯದನ್ನು ಬರೆಯದೆ ಚೀಲಕ್ಕೆ ಹಾಕಿಕೊಂಡೆ,
ರವಾನೆಯ ದಾಖಲೆ ಪುಸ್ತಕವನ್ನೂ.

ಇಮ್ಜಾರ್ ಬಂದರಿನಲ್ಲಿ ಬಸ್ಸಿಳಿದಾಗ ಮಧ್ಯಾಹ್ನ.
ದೋಣಿಯ ಮೂತಿಗೆ ಬರೆದ ಎರಡು ಕಣ್ಣು
ನನ್ನನ್ನೇ ನೋಡುತ್ತಿದ್ದವು;
ಅದರ ಹೊಟ್ಟೆಯೊಳಗಿಂದ ತಲೆ ಎತ್ತಿದರು.
ಮೊಣಕೈವರೆಗೆ ಕಪ್ಪು ಎಣ್ಣೆ.
‘ಮುಟ್ಟಿದರೆ ಹಾಳು. ನೀನೇ ಓದು, ಜುದಿತ್.’

ಓದಿದೆ. ಎರಡನೆಯ ಸಾಲಿನಿಂದ.
ತಾರೀಕು, ಬಲಿಪೂಜೆಯ ಹೊತ್ತು, ಊಟದ ವಿಚಾರ.
ಗಾಳಿಗೆ ಕಾಗದ ಪಟಪಟ ಬಡಿಯಿತು.
‘ಮೊದಲ ಸಾಲು ಬಿಟ್ಟೆಯಲ್ಲ’ ಎಂದರು.
‘ಅಲ್ಲಿ ಏನೂ ಇಲ್ಲ’ ಎಂದೆ.
ಅವರು ಸ್ಪ್ಯಾನರ್ ಕೆಳಗಿಟ್ಟು ಬಹಳ ಹೊತ್ತು ನಕ್ಕರು,
ನಗು ಮುಗಿದ ಮೇಲೂ ಕಣ್ಣು ಒರೆಸಿಕೊಂಡು
ಕೆನ್ನೆಗೆಲ್ಲ ಮಸಿ ಮಾಡಿಕೊಂಡರು.
‘ಆ ವಾರ ದೋಣಿಯ ತಪಾಸಣೆ ಇದೆ.
ಆದರೂ ನೋಡೋಣ. ಹಿಂದಿನ ಬೆಂಚು ಖಾಲಿ ಇರುತ್ತದೆ ತಾನೆ?’
ಮರ್ಜಿ ಕಾಫಿ ತಂದಳು, ಸಕ್ಕರೆ ಕೇಳದೆ ಎರಡು ಚಮಚ ಹಾಕಿದ್ದಳು.

ಸಹಿಗೆ ಪುಸ್ತಕ ಚಾಚಿದೆ.
ಹೆಸರು ಸರಿಯಾದ ಜಾಗದಲ್ಲೇ ಬಿತ್ತು,
ಲ್ಯಾಟಿನ್ ಕಲಿತ ಕೈಯ ಆ ಓರೆ ಅಕ್ಷರ.
ಪುಟ ಅಲುಗದಂತೆ ಒತ್ತಿದ ಎಡಗೈ ಮಾತ್ರ
‘ಬಿರುದು’ ಎಂಬ ಕಲಮಿನ ಮೇಲಿತ್ತು.

ಕಳೆದ ವಾರ ಲೆಕ್ಕ ನೋಡಲು ಬಂದ ಮೊನ್ಸಿನ್ಯೂರ್
ಕನ್ನಡಕ ಏರಿಸಿ ಕೇಳಿದರು, ‘ಇದೇನಮ್ಮಾ, ಇಲ್ಲಿ?’
ಹೆಬ್ಬೆಟ್ಟು, ಸ್ವಾಮಿ, ಎಂದೆ.
ಉಜ್ಜಿ ನೋಡಿದರು. ಹೋಗಲಿಲ್ಲ.